ಹಾಜರಿ ಪುಸ್ತಕದ ಎಲ್ಲ ಹೆಸರುಗಳು

ಶಾಲೆ ಬಿಟ್ಟು ಮೂವತ್ತು ನಲವತ್ತು ವರ್ಷಗಳಾದ ಮೇಲೆ ಒಂದೇ ತರಗತಿಯವರು ಮತ್ತೆ ಒಂದೆಡೆ ಸೇರುವ ರೂಢಿ ಈಚೆಗೆ ನಮ್ಮ ಊರುಗಳಲ್ಲಿ ಚೆನ್ನಾಗಿ ಬೇರುಬಿಟ್ಟಿದೆ. ಪತ್ರಿಕೆಯ ಜಿಲ್ಲಾ ಪುಟವನ್ನು ತೆರೆದರೆ ‘ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’ ಎಂಬ ತಲೆಬರಹ ಆಗಾಗ ಕಣ್ಣಿಗೆ ಬೀಳುತ್ತದೆ. ಇಂಥ ವರ್ಷ ಎಸ್.ಎಸ್.ಎಲ್.ಸಿ. ಓದಿದವರು ತಮ್ಮ ನಿವೃತ್ತ ಗುರುಗಳನ್ನು ಬರಮಾಡಿಕೊಂಡು, ಶಾಲು ಹೊದಿಸಿ, ಫಲತಾಂಬೂಲವಿತ್ತು ನಮಸ್ಕರಿಸಿ, ಹಳೆಯ ಕೊಠಡಿಯ ಬೆಂಚುಗಳ ಮೇಲೆ ಇನ್ನೊಮ್ಮೆ ಕುಳಿತು, ಊಟಮಾಡಿ ಹೊರಟರು ಎಂಬುದು ಸುದ್ದಿಯ ಸಾರ. ಓದಿದವರಿಗೆ ‘ನಮ್ಮ ತರಗತಿಯವರೂ ಹೀಗೆ ಸೇರಿದರೆ?’ ಎನ್ನಿಸುವುದು ಸಹಜ. ನಿಮಗೂ ಹಾಗೆ ಅನ್ನಿಸಿದ್ದರೆ, ಈ ಕೆಲಸವನ್ನು ಎಲ್ಲಿಂದ ಮೊದಲುಮಾಡಬೇಕು, ಇದರಲ್ಲಿ ಯಾರು ಕೈತಪ್ಪಿಹೋಗುತ್ತಾರೆ, ಏಕೆ ಹೋಗುತ್ತಾರೆ ಎಂಬ ವಿಷಯವಾಗಿ ಇಲ್ಲಿ ನಾಲ್ಕು ಮಾತು.

ಸಾಮಾನ್ಯವಾಗಿ ಕೆಲಸ ಮೊದಲಾಗುವುದು ದೂರವಾಣಿಯಿಂದ. ಮೂವರು ಗೆಳೆಯರು ಹೇಗೂ ಸಂಪರ್ಕದಲ್ಲಿರುತ್ತಾರೆ. ಅವರೊಂದು ವಾಟ್ಸ್‌ಆ್ಯಪ್ ಗುಂಪು ಕಟ್ಟುತ್ತಾರೆ. ಒಬ್ಬೊಬ್ಬರೂ ತಮಗೆ ಗೊತ್ತಿರುವ ಇಬ್ಬರನ್ನು ತರುತ್ತಾರೆ. ಆ ಇಬ್ಬರು ಮತ್ತಿಬ್ಬರನ್ನು. ತಿಂಗಳು ಕಳೆಯುವುದರೊಳಗೆ ಮೂವತ್ತು ನಲವತ್ತು ಜನ ಕೂಡುತ್ತಾರೆ. ‘ಎಲ್ಲರೂ ಸಿಕ್ಕಿಬಿಟ್ಟರು’ ಎಂಬ ಸಂತೋಷದಲ್ಲಿ ದಿನ ಗೊತ್ತುಮಾಡುತ್ತಾರೆ. ಆದರೆ ಸೇರಿದವರು ಯಾರೆಂದು ತುಸು ತಾಳ್ಮೆಯಿಂದ ನೋಡಿ. ಬಹುಮಟ್ಟಿಗೆ ಪಾಸಾದವರು, ಕೆಲಸಕ್ಕೆ ಸೇರಿದವರು, ಪೇಟೆಯಲ್ಲಿ ನೆಲೆಸಿದವರು. ಒಬ್ಬರ ಕೈ ಇನ್ನೊಬ್ಬರು ಹಿಡಿದು ಬಂದವರಾದ್ದರಿಂದ, ಯಾರ ಕೈಯನ್ನೂ ಹಿಡಿಯದಿದ್ದವರು ಹೊರಗೇ ಉಳಿದಿರುತ್ತಾರೆ. ಹಾಗೆ ಉಳಿದವರು ಇದ್ದಾರೆಂಬ ನೆನಪು ಕೂಡ ಗುಂಪಿಗೆ ಬರುವುದಿಲ್ಲ.

ನಮ್ಮ ನೆನಪು ಅಷ್ಟು ಕೆಟ್ಟದೇ ಎಂದು ನೀವು ಕೇಳಬಹುದು. ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ಹಾಳೆಯೊಂದನ್ನು ತೆಗೆದುಕೊಂಡು, ನಿಮ್ಮ ಹತ್ತನೆಯ ತರಗತಿಯಲ್ಲಿದ್ದವರ ಹೆಸರುಗಳನ್ನು ಯಾರ ನೆರವೂ ಇಲ್ಲದೆ ಬರೆಯುತ್ತ ಹೋಗಿ. ಹತ್ತು ಹೆಸರು ಸರಾಗವಾಗಿ ಬಂದಾವು. ಹದಿನೈದಕ್ಕೆ ಲೇಖನಿ ತಡೆಯುತ್ತದೆ. ಇಪ್ಪತ್ತೈದು ದಾಟಿದವರು ಗಟ್ಟಿಗರೇ ಸರಿ. ಹ್ಯಾರಿ ಬಾರಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಡನೆ ಇದೇ ಪರೀಕ್ಷೆಯನ್ನು ಶಾಸ್ತ್ರೀಯವಾಗಿ ನಡೆಸಿ 1975ರಲ್ಲಿ ಪ್ರಕಟಿಸಿದರು. ಹೈಸ್ಕೂಲು ಮುಗಿಸಿ ಕೆಲವೇ ತಿಂಗಳಾದವರಿಂದ ಹಿಡಿದು ಸುಮಾರು 50 ವರ್ಷಗಳಾದವರ ತನಕ 392 ಮಂದಿಯನ್ನು ಅವರು ಪರೀಕ್ಷಿಸಿದರು. ಆ ದೇಶದ ಶಾಲೆಗಳು ವರ್ಷವರ್ಷವೂ ವಿದ್ಯಾರ್ಥಿಗಳ ಭಾವಚಿತ್ರಗಳ ಪುಸ್ತಕವೊಂದನ್ನು ಅಚ್ಚುಮಾಡಿಸುತ್ತವೆ. ಆದ್ದರಿಂದ ಅವರು ಹೇಳಿದ್ದು ಸರಿಯೇ ತಪ್ಪೇ ಎಂದು ತಾಳೆ ನೋಡುವುದು ಸುಲಭವಾಯಿತು. ಹಳೆಯ ಚಿತ್ರ ತೋರಿಸಿ ‘ಇವರಲ್ಲಿ ನಿಮ್ಮ ತರಗತಿಯವರು ಯಾರು?’ ಎಂದು ಕೇಳಿದಾಗ, 15 ವರ್ಷಗಳಾಗಿದ್ದವರು ಕೂಡ ನೂರಕ್ಕೆ 90ರಷ್ಟು ಸರಿಯಾಗಿ ಗುರುತಿಸಿದರು. ಆದರೆ ‘ಹೆಸರುಗಳನ್ನು ನೀವಾಗಿಯೇ ಹೇಳಿ’ ಎಂದಾಗ, ಶಾಲೆ ಬಿಟ್ಟು ಬಹಳ ಕಾಲವಾದವರ ಬಾಯಿಂದ ಬಹುಪಾಲು ಹೆಸರುಗಳು ಹೊರಡಲಿಲ್ಲ.

ಇದರ ಅರ್ಥ ಇಷ್ಟು: ಹೆಸರು ಮನಸ್ಸಿನಿಂದ ಅಳಿಸಿಹೋಗಿಲ್ಲ, ಒಳಗೇ ಇದೆ, ಕರೆದರೆ ಬರುವುದಿಲ್ಲ, ತೋರಿಸಿದರೆ ಏಳುತ್ತದೆ. ಬಾನುಲಿಯ ಕೋರಿಕೆ ಕಾರ್ಯಕ್ರಮದಲ್ಲಿ ಶ್ರೋತೃಗಳ ಹೆಸರುಗಳನ್ನು ಓದುತ್ತಿರುವಾಗ, ಎಂದೋ ಬಿಟ್ಟ ಊರಿನ ಹೆಸರು ಕಿವಿಗೆ ಬಿದ್ದೊಡನೆ ಕೈಯಲ್ಲಿನ ಕೆಲಸ ನಿಲ್ಲುವುದು ನಿಮ್ಮ ಅನುಭವಕ್ಕೂ ಬಂದಿರಬಹುದು. ಆದಕಾರಣ ಸಹಪಾಠಿಗಳನ್ನು ಹುಡುಕಹೊರಟವರು ತಮ್ಮ ನೆನಪನ್ನು ನೆಚ್ಚಿಕೊಳ್ಳದೆ, ನೆನಪನ್ನು ಎಬ್ಬಿಸುವ ಕಾಗದವನ್ನು ಮೊದಲು ಕೈಗೆ ತೆಗೆದುಕೊಳ್ಳಬೇಕು. ಆ ಕಾಗದ ಶಾಲೆಯಲ್ಲೇ ಇದೆ.

ಪ್ರತಿಯೊಂದು ಶಾಲೆಯಲ್ಲಿಯೂ ಮಕ್ಕಳನ್ನು ಸೇರಿಸಿಕೊಂಡ ದಾಖಲಾತಿ ಪುಸ್ತಕವೆಂಬುದೊಂದುಂಟು. ದಿನದಿನದ ಹಾಜರಿ ಪುಸ್ತಕಗಳನ್ನು ಗೆದ್ದಲು ತಿಂದಿದ್ದರೂ, ಈ ದಪ್ಪ ರಟ್ಟಿನ ಪುಸ್ತಕವನ್ನು ಮುಖ್ಯೋಪಾಧ್ಯಾಯರು ಬೀರುವಿನಲ್ಲಿಟ್ಟು ಕಾಪಾಡುತ್ತಾರೆ. ಏಕೆಂದರೆ ಹುಟ್ಟಿದ ತಾರೀಖಿಗಾಗಿ ಇಂದಿಗೂ ಜನ ಅದನ್ನು ಕೇಳಿಕೊಂಡು ಬರುತ್ತಾರೆ. ಅದರಲ್ಲಿ ಹುಡುಗನ ಅಥವಾ ಹುಡುಗಿಯ ಹೆಸರು, ತಂದೆಯ ಹೆಸರು, ಊರು, ಸೇರಿದ ದಿನ, ಬಿಟ್ಟ ದಿನ ಎಲ್ಲ ಇರುತ್ತವೆ. ಜಾತಿಯೂ ಬರೆದಿರುತ್ತದೆ. ಆದ್ದರಿಂದ ಪುಸ್ತಕದ ಪುಟಗಳ ಚಿತ್ರ ತೆಗೆದು ಹತ್ತು ಜನಕ್ಕೆ ಹಂಚುವುದು ಸಲ್ಲದು. ಒಂದು ಮನವಿ ಬರೆದುಕೊಟ್ಟು, ಅಪ್ಪಣೆ ಪಡೆದು, ಹೆಸರು ಮತ್ತು ಊರು ಇವೆರಡನ್ನು ಮಾತ್ರ ಕೈಯಲ್ಲಿ ನಕಲುಮಾಡಿಕೊಳ್ಳಿ. ಶಾಲೆ ಮುಚ್ಚಿಹೋಗಿದ್ದರೆ ಅದರ ದಾಖಲೆಗಳು ಎಲ್ಲಿ ಸೇರಿವೆಯೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ತರಗತಿಯ ಗ್ರೂಪ್ ಫೋಟೋ ಇದ್ದರೆ ಅದೂ ದೊಡ್ಡ ಸಹಾಯವೇ. ಆದರೆ ಅದೊಂದನ್ನೇ ನಂಬಬೇಡಿ. ಫೋಟೋದ ಹಣ ಹೊಂದಿಸಲಾರದೆ ಅಂದು ಶಾಲೆಗೇ ಬಾರದೆ ಉಳಿದವರು ಅನೇಕ ತರಗತಿಗಳಲ್ಲಿದ್ದರು.

ಹೆಸರು ಸಿಕ್ಕಿತು, ಮನುಷ್ಯ ಸಿಕ್ಕಬೇಕಲ್ಲ! ಇಲ್ಲಿ ನಮ್ಮ ನಾಡಿನ ಹೆಸರಿನ ಪದ್ಧತಿಯೇ ಒಂದು ತೊಡಕು. ಹಳೆಯ ಮೈಸೂರಿನ ಕಡೆಯವರಿಗೆ ಹೆಸರಿನ ಹಿಂದೆ ಇನಿಷಿಯಲ್ಲು. ಸಾಮಾನ್ಯವಾಗಿ ಮೊದಲನೆಯ ಅಕ್ಷರ ಊರಿನದು, ಎರಡನೆಯದು ತಂದೆಯದು. ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆ ಅಡ್ಡಹೆಸರು ಹೆಸರಿನ ಮುಂದೆ ಬರುತ್ತದೆ. ಅಲ್ಲಿ ಮನೆತನವನ್ನು ಹಿಡಿದು ವಿಚಾರಿಸಬಹುದು. ಇನಿಷಿಯಲ್ಲಿನವರ ಪಾಡು ಬೇರೆ. ಪಾಸ್‌ಪೋರ್ಟ್ ಮಾಡಿಸುವಾಗ ಅಕ್ಷರಗಳನ್ನು ಬಿಡಿಸಿ ಬರೆಯಬೇಕಾಗಿ ಬಂದು, ಒಬ್ಬರಿಗೆ ಊರು ಅಡ್ಡಹೆಸರಾಯಿತು, ಇನ್ನೊಬ್ಬರಿಗೆ ತಂದೆಯ ಹೆಸರೇ ಅಡ್ಡಹೆಸರಾಯಿತು. ಸಮುದ್ರದಾಚೆ ನಿಮ್ಮ ಗೆಳೆಯರನ್ನು ಎಲ್ಲರೂ ಅವರ ತೀರ್ಥರೂಪರ ಹೆಸರಿನಿಂದಲೇ ಕರೆಯುತ್ತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಆದ್ದರಿಂದ ಶಾಲೆಯಲ್ಲಿ ಕರೆಯುತ್ತಿದ್ದ ಹೆಸರೊಂದನ್ನೇ ಹಿಡಿದು ಹುಡುಕಬೇಡಿ. ಎರಡು ಅಕ್ಷರಗಳನ್ನೂ ಬಿಡಿಸಿಟ್ಟುಕೊಂಡು ಹೊರಡಿ. ದಾಖಲಾತಿ ಪುಸ್ತಕದಲ್ಲಿ ಅವೆರಡೂ ದೊರೆಯುತ್ತವೆ.

ಆ ಊರೇ ಈಗ ಇಲ್ಲದಿದ್ದರೆ? ಇದೂ ನಮ್ಮಲ್ಲಿ ಅಪರೂಪವಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿಯ ಕಣಿವೆಯ ಎಷ್ಟೋ ಹಳ್ಳಿಗಳು ಮುಳುಗಿದವು. ಅಲ್ಲಿನ ಸಂಸಾರಗಳು ಶಿವಮೊಗ್ಗ ಜಿಲ್ಲೆಯ ಬೇರೆಬೇರೆ ಕಡೆಗೆ ಚದುರಿದವು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳಿಗೆ ನುಗ್ಗಿದಾಗ ಅಲ್ಲಿನ ಜನ ನವನಗರಕ್ಕೆ ಹೋದರು, ಕೆಲವರು ಇನ್ನೂ ದೂರ ಹೋದರು. ಒಂದೇ ಬೆಂಚಿನಲ್ಲಿ ಕುಳಿತವರು ಹೀಗೆ ಬೇರೆಯಾದರೆ ಊರಿಗೆ ಹೋಗಿ ಕೇಳುವ ದಾರಿಯೇ ಇಲ್ಲ. ಅಂಥ ಕಡೆ ಪರಿಹಾರ ಪಡೆದು ಎದ್ದು ಹೋದ ಸಂಸಾರಗಳು ಒಟ್ಟಾಗಿ ನೆಲೆಸಿದ ಹೊಸ ಊರುಗಳಲ್ಲಿ, ಹಿರಿಯರನ್ನು ಕಂಡು ಕೇಳಬೇಕು. ನೀರಿನಡಿ ಸೇರಿದ ಊರಿನ ಹೆಸರು ಮೊಮ್ಮಗನ ಇನಿಷಿಯಲ್ಲಿನಲ್ಲಿ ಉಳಿದಿರುವುದುಂಟು.

ಹೆಣ್ಣುಮಕ್ಕಳನ್ನು ಹುಡುಕುವುದು ಇನ್ನೂ ಕಷ್ಟ. ಮದುವೆಯಾದೊಡನೆ ಅಕ್ಷರ ಬದಲಾಗುತ್ತದೆ, ಅಡ್ಡಹೆಸರು ಬದಲಾಗುತ್ತದೆ. ಕೆಲವು ಮನೆಗಳಲ್ಲಿ ಹೆಸರೂ ಬದಲಾಗುತ್ತದೆ. ಅವರಿಗೆ ತವರಿನ ಮೂಲಕವೇ ದಾರಿ. ಅಣ್ಣತಮ್ಮಂದಿರನ್ನು ಕೇಳಿದರೆ ವಿಳಾಸ ಸಿಕ್ಕೀತು. ಆದರೆ ನಲವತ್ತು ವರ್ಷಗಳ ಮೇಲೆ ಗಂಡಸಿನ ಅಪರಿಚಿತ ಧ್ವನಿಯೊಂದು ಮನೆಗೆ ದೂರವಾಣಿ ಮಾಡಿ ಆಕೆಯನ್ನು ಕೇಳಿದರೆ, ಆ ಮನೆಯಲ್ಲಿ ಏನೇನು ಮಾತು ಹುಟ್ಟೀತೆಂಬುದನ್ನು ಯೋಚಿಸಬೇಕಾದದ್ದೇ. ಮೊದಲ ಕರೆಯನ್ನು ತರಗತಿಯ ಇನ್ನೊಬ್ಬ ಹೆಣ್ಣುಮಗಳೇ ಮಾಡುವುದು ಲೇಸು. ಕೂಟದ ದಿನವನ್ನು ಊರಿನ ಜಾತ್ರೆಯ ಆಸುಪಾಸಿಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು; ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಂಥ ಸಂದರ್ಭದಲ್ಲಿ ಮನೆಮಗಳು ಹೇಗೂ ತವರಿಗೆ ಬರುತ್ತಾಳೆ. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯುವಂತೆ ಏರ್ಪಡಿಸಿ. ಸಂಜೆಯ ಸಂಗೀತ, ರಾತ್ರಿಯ ಊಟ ಎಂದು ಬರೆದ ಆಹ್ವಾನಪತ್ರ ಎಷ್ಟೋ ಮಂದಿ ಹೆಂಗಸರಿಗೆ ‘ಬರಬೇಡಿ’ ಎಂದು ಹೇಳಿದಂತೆಯೇ.

ಇನ್ನು ಫೇಲಾದವರು. ಇವರ ವಿಷಯ ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆದರೆ ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇಲ್ಲಿದೆ. ಪಾಸಾದವರಿಗಿಂತ ಫೇಲಾದವರೇ ಹೆಚ್ಚಾಗಿದ್ದ ಶಾಲೆಗಳು ಆ ಕಾಲದಲ್ಲಿ ಇದ್ದವು. ಪತ್ರಿಕೆಯಲ್ಲಿ ತಮ್ಮ ನಂಬರು ಕಾಣದವರು ಅಂದೇ ತರಗತಿಯಿಂದ ಹೊರಟುಹೋದರು. ಕೆಲವರು ಹೊಲಕ್ಕೆ, ಕೆಲವರು ಗ್ಯಾರೇಜಿಗೆ, ಕರಾವಳಿಯ ಕಡೆಯ ಎಷ್ಟೋ ಹುಡುಗರು ಮುಂಬಯಿಯ ಹೋಟೆಲುಗಳಿಗೆ. ಅವರಲ್ಲಿ ಕೆಲವರು ಹಗಲು ಲೋಟ ತೊಳೆದು, ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತು ಅದೇ ಪರೀಕ್ಷೆಯನ್ನು ಪಾಸುಮಾಡಿದ್ದೂ ಉಂಟು. ‘1985ರ ಎಸ್.ಎಸ್.ಎಲ್.ಸಿ. ತಂಡ’ ಎಂದು ಬ್ಯಾನರು ಬರೆಸಿದರೆ, ಆ ವರ್ಷ ಪಾಸಾಗದವರು ತಮ್ಮನ್ನು ಕರೆದಿಲ್ಲವೆಂದೇ ತಿಳಿಯುತ್ತಾರೆ. ಎಂಟನೆಯ ತರಗತಿಗೆ ಒಟ್ಟಿಗೆ ಸೇರಿದವರು ಎಂದು ಬರೆಸಿ ನೋಡಿ. ನಡುವೆ ಬಿಟ್ಟವರಿಗೂ ಬಾಗಿಲು ತೆರೆಯುತ್ತದೆ.

ವಿಳಾಸ ಸಿಕ್ಕ ಮೇಲೂ ಕರೆ ಮಾಡಲು ಕೈ ಹಿಂಜರಿಯುತ್ತದೆ. ‘ಇಷ್ಟು ವರ್ಷ ಇಲ್ಲದ್ದು ಈಗೇನು?’ ಎಂದಾರು, ‘ಏನೋ ಕೇಳಲು ಬಂದಿದ್ದಾನೆ’ ಎಂದಾರು ಎಂಬ ಅಳುಕು. ಈ ಅಳುಕನ್ನೇ ಲಾರಾ ಆಕ್ನಿನ್, ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಎಂಬ ಇಬ್ಬರು ವಿದುಷಿಯರು ಅಧ್ಯಯನಮಾಡಿ 2024ರಲ್ಲಿ ಪ್ರಕಟಿಸಿದರು. ಹಳೆಯ ಗೆಳೆಯರೊಬ್ಬರಿಗೆ ಒಂದು ಸಂದೇಶ ಕಳಿಸಿ ಎಂದು, ಮನಸ್ಸೂ ವಿಳಾಸವೂ ಎರಡೂ ಇದ್ದವರಿಗೆ ಹೇಳಿ ಬಿಡುವು ಕೊಟ್ಟರೂ, ಮೂವರಲ್ಲಿ ಒಬ್ಬರಷ್ಟು ಕೂಡ ಕಳಿಸಲಿಲ್ಲವಂತೆ. ಮೊದಲು ಮೂರು ನಿಮಿಷ ಈಗಿನ ಸ್ನೇಹಿತರಿಗೆ ನಾಲ್ಕು ಸಾಲು ಬರೆಯಿಸಿ, ಆಮೇಲೆ ಹಳಬರಿಗೆ ಬರೆಯಿರಿ ಎಂದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಕಳಿಸಿದರು. ಕೈ ಪಳಗಬೇಕು, ಅಷ್ಟೆ. ಇನ್ನೊಂದು ಕಡೆ, ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅನಿರೀಕ್ಷಿತವಾಗಿ ನೆನೆಸಿಕೊಂಡು ವಿಚಾರಿಸಿದವರ ಬಗ್ಗೆ ಎದುರಿನವರು ಪಡುವ ಸಂತೋಷ, ವಿಚಾರಿಸಿದವರು ಊಹಿಸಿದ್ದಕ್ಕಿಂತ ಹೆಚ್ಚು. ಮೊದಲ ಕರೆಯಲ್ಲಿ ಚಂದಾ, ವಿಮೆ, ಚೀಟಿ, ಮಗನ ಕೆಲಸ ಇವುಗಳ ಸುದ್ದಿ ಎತ್ತದಿದ್ದರೆ ಆ ಸಂತೋಷ ಉಳಿಯುತ್ತದೆ.

ಕೂಟದ ದಿನ ಬಂದಿತೆನ್ನೋಣ. ‘ನಾನು ಯಾರು ಹೇಳು ನೋಡೋಣ?’ ಎಂದು ಯಾರನ್ನೂ ಪರೀಕ್ಷೆಗೆ ಒಡ್ಡಬೇಡಿ. ಬಾರಿಕ್ ಅವರ ಜನ ಗುರುತು ಹಿಡಿದದ್ದು ಹದಿನೇಳು ಹದಿನೆಂಟರ ಮುಖಗಳನ್ನು, ಬಿಳಿಗೂದಲಿನ ಮುಖಗಳನ್ನಲ್ಲ. ಎದೆಯ ಮೇಲಿನ ಚೀಟಿಯಲ್ಲಿ ಹೆಸರಿನ ಜೊತೆಗೆ ಹಳೆಯ ಚಿತ್ರವನ್ನೂ ಅಂಟಿಸಿದರೆ ಬಹಳ ಅನುಕೂಲ. ಏಕವಚನವೋ ಬಹುವಚನವೋ ಎಂಬ ಪ್ರಶ್ನೆ ಕೂಡಲೆ ಏಳುತ್ತದೆ. ಗೆಳೆಯರಲ್ಲಿ ‘ಏನೋ, ಹೇಗಿದ್ದೀಯೋ’ ಎಂಬುದೇ ಹಿತ. ಆದರೆ ಅಧಿಕಾರಿಯಾದವರನ್ನು ‘ನೀವು’ ಎಂದು, ಆಟೋ ಓಡಿಸುವವರನ್ನು ‘ನೀನು’ ಎಂದು ಒಂದೇ ಉಸಿರಿನಲ್ಲಿ ಕರೆದರೆ ಅದು ಎಲ್ಲರ ಕಿವಿಗೂ ಕೇಳುತ್ತದೆ. ಹುಡುಗರೂ ಹುಡುಗಿಯರೂ ಅಂದು ಮಾತನಾಡಿದ್ದೇ ಇಲ್ಲ. ಅವರಿಗೆ ಈ ದಿನವೇ ಮೊದಲ ಪರಿಚಯ, ‘ನೀವು’ ಎಂಬುದೇ ಸರಿ. ಅಡ್ಡಹೆಸರಿಟ್ಟು ಕೂಗುತ್ತಿದ್ದುದರಲ್ಲಿ ಕೆಲವು ದೇಹದ ಊನವನ್ನೋ ಜಾತಿಯನ್ನೋ ಹಿಡಿದು ಆಡಿದ ಮಾತುಗಳು. ಅವನ್ನು ವೇದಿಕೆಯ ಮೇಲೆ ಮತ್ತೆ ಎತ್ತಿದರೆ ನಗುವವರು ನಕ್ಕಾರು. ಕೂಗಿಸಿಕೊಂಡವರು ಮುಂದಿನ ಸಲ ಬರಲಾರರು.

ಖರ್ಚಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ತಲೆಗೆ ಇಷ್ಟು ಎಂದು ಕಟ್ಟುಮಾಡಿ, ಕೊಟ್ಟವರ ಪಟ್ಟಿಯನ್ನು ಗುಂಪಿನಲ್ಲಿ ದಿನವೂ ಪ್ರಕಟಿಸಿದರೆ ಕೊಡಲಾರದವರು ಸದ್ದಿಲ್ಲದೆ ಗುಂಪು ಬಿಡುತ್ತಾರೆ. ಹಣವನ್ನು ಒಬ್ಬರೇ ನೋಡಿಕೊಳ್ಳಲಿ. ಯಾರು ಎಷ್ಟು ಕೊಟ್ಟರೆಂಬುದು ಅವರಲ್ಲೇ ಇರಲಿ.

ಗುರುಗಳಿಗೆ ನಮಸ್ಕಾರವಾದ ಮೇಲೆ, ದಾಖಲಾತಿ ಪುಸ್ತಕದಿಂದ ನಕಲುಮಾಡಿದ ಪಟ್ಟಿಯನ್ನು ಅವರ ಕೈಗೇ ಕೊಟ್ಟು, ಅಂದಿನ ಕ್ರಮದಲ್ಲೇ ಹಾಜರಿ ಕರೆಯಲು ಕೇಳಿಕೊಳ್ಳಿ. ತೀರಿಕೊಂಡವರ ಹೆಸರನ್ನೂ ಬಿಡದೆ ಕರೆಯಲಿ. ಆ ಹೆಸರಿಗೆ ಅವರ ಬೆಂಚಿನಲ್ಲಿ ಕೂಡುತ್ತಿದ್ದವರು ಎದ್ದುನಿಂತು ಎರಡು ಮಾತು ಹೇಳಲಿ. ಕೂಟ ಮುಗಿದ ಮೇಲೆ ಆ ಪಟ್ಟಿಯನ್ನು ಇಂದಿನ ವಿಳಾಸಗಳೊಡನೆ ಶುದ್ಧಪ್ರತಿ ಮಾಡಿ, ಒಂದನ್ನು ಶಾಲೆಗೂ ಇನ್ನೊಂದನ್ನು ಊರಿನಲ್ಲೇ ನೆಲೆಸಿರುವ ಸಹಪಾಠಿಯ ಮನೆಗೂ ಕೊಟ್ಟುಬಿಡಿ. ದೂರವಾಣಿಯ ನಂಬರುಗಳು ಬದಲಾಗುತ್ತವೆ, ಮೊಬೈಲಿನ ಗುಂಪುಗಳು ಅಳಿಸಿಹೋಗುತ್ತವೆ. ಕಾಗದ ಇದ್ದಲ್ಲೇ ಇರುತ್ತದೆ. ಸಿಕ್ಕದವರ ಹೆಸರಿನ ಮುಂದೆ ವಿಳಾಸಕ್ಕೆ ಸಾಕಷ್ಟು ಜಾಗ ಬಿಟ್ಟಿರಿ. ಮುಂದಿನ ಜಾತ್ರೆಗೆ ಬಂದವರು ಯಾರಾದರೂ ಅದನ್ನು ತುಂಬಿಯಾರು.