ಮನೆಮಂದಿಯ ಮಾತಿನಾಟ

ರಾತ್ರಿಯ ಊಟವಾಗಿ ಎಲೆಯಡಕೆಯ ತಟ್ಟೆ ನಡುಮನೆಗೆ ಬಂದ ಮೇಲೆ, ಹಿರಿಯರೂ ಕಿರಿಯರೂ ಕೂಡಿ ಅರ್ಧ ಗಂಟೆಯ ಹೊತ್ತು ಆಡಬಹುದಾದ ಕೆಲವು ಆಟಗಳನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಇವಕ್ಕೆ ಪಗಡೆಯ ಹಾಸು ಬೇಡ, ಚೌಕಾಬಾರದ ಕವಡೆ ಬೇಡ. ನಾಲಗೆಯ ಮೇಲಿರುವ ಕನ್ನಡವೇ ಸಾಕು.

ಮೊದಲನೆಯದು ಎಲ್ಲರೂ ಬಲ್ಲ ಅಂತ್ಯಾಕ್ಷರಿ. ಪದ್ಯ ಬಾರದವರು ಬಿಡಿ ಪದಗಳಿಂದಲೇ ಇದನ್ನು ಆಡಬಹುದು. ಕನ್ನಡದಲ್ಲಿ ವ್ಯಂಜನವೂ ಅದನ್ನು ಕೂಡಿದ ಸ್ವರವೂ ಸೇರಿ ಒಂದೇ ಅಕ್ಷರ. ಕೊಳ್ಳೇಗಾಲಕ್ಕೆ ನಾಲ್ಕು, ಯಳಂದೂರಿಗೆ ನಾಲ್ಕು, ಹನೂರಿಗೆ ಮೂರು. ಒಬ್ಬರು ‘ಹನೂರು’ ಎಂದರೆ ಮುಂದಿನವರು ರಕಾರದ ಯಾವ ಗುಣಿತದಿಂದಲಾದರೂ ತೊಡಗಿ ‘ರಾಗಿ’ ಎನ್ನಬಹುದು. ಆಮೇಲಿನವರು ‘ಗೂಡು’ ಎನ್ನಬಹುದು. ‘ಳು’ ಎಂದು ಮುಗಿಯುವ ಪದಗಳು ನಮ್ಮಲ್ಲಿ ಹೇರಳ. ಳಕಾರದಿಂದ ಮೊದಲಾಗುವ ಪದವೋ ಇಲ್ಲ. ಆದುದರಿಂದ ಳಕಾರಕ್ಕೆ ಲಕಾರ, ಣಕಾರಕ್ಕೆ ನಕಾರ, ಡಕಾರಕ್ಕೆ ದಕಾರ ಸಲ್ಲುವುದೆಂದು ಮೊದಲೇ ಒಪ್ಪಿಕೊಳ್ಳುವುದು ಲೇಸು.

ಎರಡನೆಯದು ಎರಡರ್ಥದ ಆಟ. ಒಬ್ಬರು ಒಂದು ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಎರಡು ಅರ್ಥಗಳನ್ನು ಹೇಳುವರು. ಉಳಿದವರು ಪದವನ್ನು ಹುಡುಕತಕ್ಕದ್ದು. “ಕವಿಗೆ ಬೆಳಕು, ರೈತನಿಗೆ ಬಿದಿರ ತಟ್ಟಿ, ಯಾವುದು?” ರೇಷ್ಮೆಗೆ ಹೆಸರಾದ ಕೊಳ್ಳೇಗಾಲದ ಸೀಮೆಯಲ್ಲಿ ಇದು ಕಷ್ಟವಲ್ಲ. ಉತ್ತರ, ಚಂದ್ರಿಕೆ: ಹಣ್ಣಾದ ಹುಳುಗಳು ಗೂಡು ಕಟ್ಟಲೆಂದು ಅವನ್ನು ಬಿಡುವ ತಟ್ಟಿಗೆ ಅದೇ ಹೆಸರು. “ಮನುಷ್ಯನಿಗೆ ಬಂದರೆ ಸೊರಗಿಸುವುದು, ಹುಳುವಿಗೆ ಬಂದರೆ ಬೆಳೆಸುವುದು, ಯಾವುದು?” ಉತ್ತರ, ಜ್ವರ. ರೇಷ್ಮೆಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಪೊರೆ ಕಳಚುವ ಅವಸ್ಥೆಯನ್ನು ಸಾಕುವವರು ಹೀಗೆ ಕರೆಯುವರು. ಹುಳುವಿನ ಜೀವಮಾನದಲ್ಲಿ ಇದು ನಾಲ್ಕು ಸಲ ಬರುವುದು.

ಮೂರನೆಯದು ಮರೆಯಾದ ವಸ್ತುಗಳ ಆಟ. ಈಗ ಮನೆಯಲ್ಲಿಲ್ಲದ ಒಂದು ವಸ್ತುವಿನ ಕೆಲಸವನ್ನು ಹೇಳಿ ಹೆಸರನ್ನು ಕೇಳುವುದು. ಎಲೆಯಡಕೆ ಇಡುವ ಚೀಲಕ್ಕೆ ಏನೆನ್ನುವರು? ಸಂಚಿ. ಯಳಂದೂರಿನ ಹೊನ್ನಮ್ಮನು ಚಿಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಈ ಊಳಿಗದಲ್ಲಿದ್ದುದರಿಂದಲೇ ‘ಹದಿಬದೆಯ ಧರ್ಮ’ದ ಕವಯಿತ್ರಿಯು ಸಂಚಿಯ ಹೊನ್ನಮ್ಮನೆನಿಸಿದಳು. ಚೀಲವು ಮೂಲೆಗೆ ಸೇರಿದರೂ ಅದರ ಹೆಸರು ಆಕೆಯ ಹೆಸರಿನೊಡನೆ ಉಳಿದಿದೆ.

ಇನ್ನು ನ್ಯಾಯದ ಮಾತು. ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ಹನೂರನ್ನೊಳಗೊಂಡ ಕೊಳ್ಳೇಗಾಲದ ತಾಲ್ಲೂಕು 1956ರ ವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದಿತು. ಆಡಳಿತದ ಗಡಿ ನಡುವೆ ಇದ್ದರೂ ಜನರ ನುಡಿ ನೆರೆಹೊರೆಯದೇ; ಆ ನುಡಿಯಲ್ಲಿ ಪದದ ಮೊದಲ ಹಕಾರವು ಅನೇಕ ವೇಳೆ ಕೇಳಿಬರುವುದಿಲ್ಲ. ನಾವು ಕಂಡ ಒಂದು ಮನೆಯಲ್ಲಿ, ‘ವಿವಾಹ’ಕ್ಕೆ ಉತ್ತರವಾಗಿ ಹನೂರಿನ ಕಡೆಯ ಅಜ್ಜಿಯು ‘ಒಲ’ ಎಂದರು. ಹೊಲವೆಂಬುದು ಅವರ ಮನಸ್ಸಿನಲ್ಲಿದ್ದ ಪದ. ಪಟ್ಟಣದಲ್ಲಿ ಓದುವ ಮೊಮ್ಮಕ್ಕಳು, “ಅದು ಒಕಾರ, ನೀವು ಸೋತಿರಿ” ಎಂದು ನಕ್ಕರು. “ನೀವೇ ಆಡ್ಕಳ್ರಪ್ಪಾ, ನಂಗ ನಿದ್ದ ಬತ್ತದ” ಎಂದು ಅಜ್ಜಿ ಎದ್ದುಹೋದರು. ಮರುರಾತ್ರಿ ಅವರು ನಡುಮನೆಗೆ ಬರಲಿಲ್ಲ. ಚಂದ್ರಿಕೆಯ ಒಗಟು ಬಂದಾಗ ಬೆಳದಿಂಗಳನ್ನು ಬಲ್ಲ ಹುಡುಗರಿಗೆ ಬಿದಿರ ತಟ್ಟಿ ತಿಳಿಯದು. ಒಗಟನ್ನು ಬಿಡಿಸಲು ಅವರೇ ಅಜ್ಜಿಯ ಹಾಸಿಗೆಯ ಬಳಿಗೆ ಹೋಗಬೇಕಾಯಿತು.

ಅಂದಿನಿಂದ ಆ ಮನೆಯಲ್ಲಿ ಒಂದು ನಿಯಮವುಂಟು: ಬರೆಹದ ರೂಪವಾಗಲಿ ಬಾಯಿಯ ರೂಪವಾಗಲಿ, ಎರಡೂ ಸಲ್ಲುವುವು. ತಾವೂ ಆಟಕ್ಕೆ ಮೊದಲು ಈ ನಿಯಮವನ್ನೇ ಹೇಳಿಕೊಂಡು ಕುಳಿತುಕೊಳ್ಳಬೇಕೆಂದು ಕೋರುತ್ತೇವೆ.