ಗುಳ್ಳೆ ಎದ್ದಾಗ ಖುಷಿಪಟ್ಟಿದ್ದೆ

ಮಗಳ ತೊಟ್ಟಿಲು ಕಾರ್ಯಕ್ಕೆ ಅವ್ವ ಧಾರವಾಡದಿಂದ ಹೈದರಾಬಾದಿಗೆ ಬರುವವಳಿದ್ದಳು. ಅಜ್ಜಿಯ ಹವಳ-ಮುತ್ತಿನ ಸರ ನಮ್ಮ ಕಪಾಟಿನಲ್ಲಿತ್ತು. ಮದುವೆಯಲ್ಲಿ ನನ್ನ ಹೆಂಡತಿಗೆ ಕೊಟ್ಟದ್ದು. ಅವ್ವ ಬರುವಷ್ಟರಲ್ಲಿ ಅದನ್ನು ಫಳಫಳ ಮಾಡಿಡೋಣವೆಂದು ಒಂದು ಶನಿವಾರ ಯಾವುದೋ ವಿಡಿಯೊ ನೋಡಿ, ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿಟ್ಟೆ. ಮಣಿಗಳ ಸುತ್ತ ಸಣ್ಣ ಗುಳ್ಳೆಗಳೆದ್ದವು. ಕೊಳೆ ಬಿಡುತ್ತಿದೆ ಎಂದು ಖುಷಿಯಾಯಿತು. ಅರ್ಧ ಗಂಟೆ ಬಿಟ್ಟು ತೆಗೆದರೆ ಹವಳ ಸುಣ್ಣ ಬಳಿದಂತೆ ಮಬ್ಬಾಗಿತ್ತು. ಮುತ್ತಿನ ಹೊಳಪು ಹೋಗಿತ್ತು.

ಬಿಟ್ಟದ್ದು ಕೊಳೆಯಲ್ಲ, ಮಣಿಯೇ. ಮುತ್ತು, ಹವಳ ಎರಡೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಗುಲಿದರೆ ಕರಗುತ್ತವೆ, ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಬರುತ್ತದೆ. ಹೈಸ್ಕೂಲಿನ ಪಾಠ, ಎಂಟೆಕ್ ಮಾಡಿದವನಿಗೆ ಆ ಹೊತ್ತಿಗೆ ನೆನಪಾಗಲಿಲ್ಲ. ನಿಂಬೆರಸವಾದರೂ ಇದೇ ಗತಿ.

ಮರುದಿನ ಚಾರ್‌ಮಿನಾರ್ ಬಳಿಯ ಪತ್ತರ್‌ಗಟ್ಟಿಗೆ ಓಡಿದೆ. ಮುತ್ತು ಪೋಣಿಸುವ ಹಿರಿಯರೊಬ್ಬರು ಸರವನ್ನು ಬೆಳಕಿಗೆ ಹಿಡಿದು ನೋಡಿದರು. ಹವಳಕ್ಕೆ ಮತ್ತೆ ಪಾಲಿಶ್ ಕೊಡಬಹುದು, ಆದರೆ ಮಣಿ ಸವೆಯುತ್ತದೆ. ಮುತ್ತಿನ ಹೋದ ಪದರ ಬರುವುದಿಲ್ಲ ಎಂದರು. ನೆನೆದು ಸಡಿಲಾಗಿದ್ದ ರೇಷ್ಮೆ ದಾರ ಬದಲಿಸಿ, ಮುತ್ತು ಮುತ್ತಿನ ನಡುವೆ ಗಂಟು ಹಾಕುತ್ತಾ ನನಗೆ ಒಂದಿಷ್ಟು ಬುದ್ಧಿ ಹೇಳಿದರು. ಮುತ್ತನ್ನು ನೆನೆಸಲೇಬಾರದು, ಹಿಂಡಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಟೂತ್‌ಪೇಸ್ಟ್, ಅಡುಗೆ ಸೋಡಾ ಬೇಡ, ಗೀರು ಬೀಳುತ್ತದೆ. ಸೆಂಟು, ಪೌಡರ್ ಎಲ್ಲ ಮುಗಿದ ಮೇಲೆ ಮುತ್ತು ಹಾಕಿಕೊಳ್ಳಬೇಕು, ತೆಗೆಯುವಾಗ ಮೊದಲು ಅದನ್ನೇ ತೆಗೆಯಬೇಕು.

ಅಲ್ಲಿಂದ ಬಂದವನು ಮನೆಯ ಉಳಿದ ಒಡವೆಗಳ ಬಗ್ಗೆಯೂ ಓದಿದೆ. ಎಲ್ಲ ಹರಳಿಗೂ ಒಂದೇ ಉಪಚಾರ ನಡೆಯುವುದಿಲ್ಲ. ವಜ್ರದ ಮೂಗುಬೊಟ್ಟಿಗೆ ಜಿಡ್ಡು ಬೇಗ ಅಂಟುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆ ಬ್ರಷ್ ಸಾಕು. (ಸಿಂಕಿನಲ್ಲಲ್ಲ, ಬಟ್ಟಲಲ್ಲಿ ತೊಳೆಯಿರಿ.) ಪಚ್ಚೆ ಗಟ್ಟಿ ಕಲ್ಲೇ, ಆದರೆ ಅದರೊಳಗಿನ ಬಿರುಕು ಕಾಣದಿರಲೆಂದು ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ. ಬಿಸಿನೀರು, ಅಲ್ಟ್ರಾಸಾನಿಕ್ ಯಂತ್ರ ಎರಡೂ ಅದಕ್ಕೆ ಆಗದು. ಹಿಂಬದಿ ಮುಚ್ಚಿದ ಹಳೆಯ ಕೆಂಪಿನ ಓಲೆಯಂತೂ ನೀರಿಗೇ ಬೇಡ. ಒಳಗಿನ ಅರಗು, ಹರಳಿನಡಿಯ ತಗಡಿಗೆ ನೀರಿಳಿದರೆ ಕಲ್ಲು ಕಪ್ಪಾಗುತ್ತದೆ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಿಡುವ ನಮ್ಮ ಅಭ್ಯಾಸವೂ ತಪ್ಪೇ, ವಜ್ರ ಪಕ್ಕದ ಕಲ್ಲನ್ನೆಲ್ಲ ಗೀರುತ್ತದೆ.

ಅವ್ವ ಬಂದಳು. ಸರ ಮುಚ್ಚಿಡುವ ಮನಸ್ಸಾಗಲಿಲ್ಲ, ಕೈಗೇ ಕೊಟ್ಟೆ. ಬೆರಳಿನಿಂದ ಒಂದೊಂದೇ ಮಣಿ ಸವರಿದಳು.

“ಹವಳ ಯಾಕೋ ಹಿಂಗ ಬೆಳ್ಳಗಾಗ್ಯಾವ?”

ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. “ನಿಮ್ಮಜ್ಜಿ ಎಂದೂ ತೊಳೀಲಿಲ್ಲಪ್ಪ. ತೆಗದಿಡೋ ಮುಂದ ಸೆರಗಿನ್ಯಾಗ ಒರಸ್ತಿದ್ಲು, ಅಷ್ಟ.”

ಹವಳ ಪಾಲಿಶ್‌ಗೆ ಕೊಡಲೇ ಎಂದು ಕೇಳಿದೆ.

“ಬ್ಯಾಡ, ಇನ್ನಷ್ಟು ಸವಸಬ್ಯಾಡ,” ಎಂದವಳು ತನ್ನ ಹಳೆ ಹತ್ತಿ ಸೀರೆಯ ಅಂಚಿನಿಂದ ತುಂಡೊಂದನ್ನು ಹರಿದು ಸರವನ್ನು ಸುತ್ತಿ ಕೊಟ್ಟಳು.