ಚುನಾವಣಾ ಸಮೀಕ್ಷೆ: ಒಂದು ಅಗುಳು ಹಿಸುಕಿದರೆ ಸಾಕೇ?



ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಸಂಘಗಳ ವಾರದ ಸಭೆಯಲ್ಲೂ ಅದೇ ಮಾತು. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಪುಸ್ತಕಕ್ಕೆ ಬರೆದು ಮುಗಿಸುವಷ್ಟರಲ್ಲಿ ಯಾರಾದರೊಬ್ಬರು, "ಟಿವಿಯಲ್ಲಿ ಇವರೇ ಬರೋದು ಅಂತ ಹೇಳಿಬಿಟ್ರು. ಇನ್ನು ನಾವು ಬಿಸಿಲಲ್ಲಿ ಕ್ಯೂ ನಿಂತು ಏನು ಮಾಡೋದು?" ಅನ್ನುತ್ತಾರೆ. ಈ ಮಾತನ್ನು ಹಲವು ಸಲ ಕೇಳಿದ ಮೇಲೆ, ಆ ಸಂಖ್ಯೆಗಳು ಎಲ್ಲಿಂದ ಬರುತ್ತವೆ, ಯಾಕೆ ತಪ್ಪುತ್ತವೆ ಎಂದು ಒಮ್ಮೆ ಬಿಡಿಸಿ ಬರೆಯೋಣ ಅನ್ನಿಸಿತು.

ತಪ್ಪಿದ್ದು ಒಂದೆರಡು ಸಲ ಅಲ್ಲ. 2004ರ ಲೋಕಸಭಾ ಚುನಾವಣೆಗೆ ಮುಂಚೆ ಹೆಚ್ಚಿನ ಸಮೀಕ್ಷೆಗಳು ವಾಜಪೇಯಿ ಸರ್ಕಾರವೇ ಮರಳಿ ಬರುತ್ತದೆ ಎಂದಿದ್ದವು. ಮತ ಎಣಿಸಿದಾಗ ಕಾಂಗ್ರೆಸ್‌ಗೆ 145, ಬಿಜೆಪಿಗೆ 138 ಸ್ಥಾನ ಬಂದು ಸರ್ಕಾರವೇ ಬದಲಾಯಿತು. 2024ರಲ್ಲಿ ಮತ ಹಾಕಿ ಬಂದವರನ್ನು ಕೇಳಿ ಮಾಡುವ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟಿದ್ದವು; ಬಂದದ್ದು 293. ಆ ದಿನ ಒಂದು ಸಮೀಕ್ಷಾ ಸಂಸ್ಥೆಯ ಮುಖ್ಯಸ್ಥರು ಟಿವಿಯಲ್ಲೇ ಕಣ್ಣೀರು ಹಾಕಿದರು. ಮತ ಹಾಕಿ ಬಂದವರನ್ನು ಕೇಳಿದಾಗಲೇ ಹೀಗಾದರೆ, ತಿಂಗಳು ಮುಂಚೆ ಕೇಳಿದ್ದರ ಗತಿ ಏನು?

ಹಾಗಂತ ಸಮೀಕ್ಷೆ ಎಂದರೆ ಬರೀ ಸುಳ್ಳು ಎಂದು ನಾವು ಹೇಳುವುದಿಲ್ಲ. ಅನ್ನ ಬೆಂದಿದೆಯಾ ಅಂತ ನೋಡಲು ನಾವು ಇಡೀ ಪಾತ್ರೆ ಬಗ್ಗಿಸುವುದಿಲ್ಲ, ಒಂದೆರಡು ಅಗುಳು ಹಿಸುಕಿ ನೋಡ್ತೇವೆ. ಸಮೀಕ್ಷೆಯೂ ಅಷ್ಟೇ. ಸಾವಿರ ಜನರನ್ನು ಸರಿಯಾಗಿ ಆರಿಸಿ ಕೇಳಿದರೆ ಉತ್ತರ ಸುಮಾರು ಮೂರು ಶೇಕಡಾ ಆಚೀಚೆ ಇರುತ್ತದೆ ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಆದರೆ ನಮ್ಮ ಪಾತ್ರೆಯಲ್ಲಿರುವುದು ಒಂದೇ ಅಕ್ಕಿ, ಕೆಳಗಿರುವುದು ಒಂದೇ ಉರಿ. ರಾಜ್ಯ ಹಾಗಲ್ಲ. ಕರಾವಳಿಯ ಮನಸ್ಸು ಬೇರೆ, ಹಳೆ ಮೈಸೂರಿನದು ಬೇರೆ, ಕಲಬುರಗಿ ರಾಯಚೂರು ಕಡೆಯದು ಬೇರೆ. ಒಂದೊಂದು ಒಲೆಯ ಮೇಲೆ ಒಂದೊಂದು ಪಾತ್ರೆ. ಹತ್ತು ಸಾವಿರ ಜನರನ್ನು ಕೇಳಿದೆವು ಅಂದರೂ 224 ಕ್ಷೇತ್ರಕ್ಕೆ ಹಂಚಿದರೆ ಕ್ಷೇತ್ರಕ್ಕೆ 45 ಜನರೂ ಸಿಗುವುದಿಲ್ಲ.

ಯಾರನ್ನು ಕೇಳಿದರು ಎಂಬುದು ಇನ್ನೂ ದೊಡ್ಡ ಪ್ರಶ್ನೆ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆ ಚೀಟಿ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಎಂಬವರು ಅಧ್ಯಕ್ಷರಾಗುತ್ತಾರೆ ಎಂದು ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು! ಪತ್ರಿಕೆ ವಿಳಾಸ ತೆಗೆದುಕೊಂಡದ್ದು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಯಿಂದ. ಆ ಕಷ್ಟಕಾಲದಲ್ಲಿ ಬಡವರ ಮನೆಯಲ್ಲಿ ಅವೆರಡೂ ಎಲ್ಲಿ? ಚೀಟಿ ತುಂಬಿ ವಾಪಸು ಕಳಿಸುವ ಉತ್ಸಾಹ ಇದ್ದವರೂ ಒಂದೇ ಕಡೆಯವರು ಹೆಚ್ಚು. ನಮ್ಮಲ್ಲೂ ಫೋನಿನಲ್ಲಿ ಸಮೀಕ್ಷೆ ನಡೆಯುತ್ತದೆ. ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದು ಯಾರ ಜೇಬಿನಲ್ಲಿರುತ್ತೆ ಅಂತ ನಾವು ನಿಮಗೆ ಹೇಳಬೇಕಾಗಿಲ್ಲ.

ಇನ್ನು ಬಾಗಿಲಿಗೇ ಬಂದು ಕೇಳುವವರ ವಿಷಯ. ಬಂದವರು ಮೊದಲು ಕೇಳುವುದು, "ಯಜಮಾನ್ರು ಇದ್ದಾರಾ ಅಮ್ಮಾ?" ಇದ್ದರೆ ಅವರೇ ಜಗಲಿಯಲ್ಲಿ ಕೂತು ಇಡೀ ಮನೆಯ ಪರವಾಗಿ ಉತ್ತರ ಕೊಡುತ್ತಾರೆ. ನಮ್ಮನ್ನೇ ಕೇಳಿದರೂ ಪಕ್ಕದಲ್ಲಿ ಮಾವ, ಮೈದುನ, ಬೀದಿಯ ಮುಖಂಡ ನಿಂತಿರುತ್ತಾರೆ. ಆಗ ನಮ್ಮ ಬಾಯಿಂದ ಬರುವುದು ಮನೆಯವರ ಪಕ್ಷದ ಹೆಸರು, ಇಲ್ಲವೇ "ನಮಗೇನು ಗೊತ್ತು ಸಾರ್". ಕೂಲಿಗೆ ಹೋಗುವವರಂತೂ ಹಗಲು ಮನೆಯಲ್ಲೇ ಸಿಗುವುದಿಲ್ಲ. ಹೊಸಬರು ಚೀಟಿ ಹಿಡಿದು ಹೆಸರು ಬರೆದುಕೊಂಡರೆ ರೇಷನ್ ಕಾರ್ಡಿಗೋ ಪಿಂಚಣಿಗೋ ತೊಂದರೆ ಆದೀತು ಎಂಬ ಅಂಜಿಕೆ ಬೇರೆ. ಹೀಗೆ ಹೆದರಿ ಹೇಳಿದ ಉತ್ತರಗಳನ್ನೇ ಕೂಡಿಸಿದರೆ ಲೆಕ್ಕ ಎಷ್ಟು ಚೆನ್ನಾಗಿ ಮಾಡಿದರೂ ಫಲವಿಲ್ಲ. ಇದನ್ನು ಅರಿತೇ ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿ ತಂಡ ತನ್ನ ಅಧ್ಯಯನಗಳಲ್ಲಿ ಮಾದರಿ ಮತಪತ್ರ, ಪೆಟ್ಟಿಗೆ ಬಳಸಿದೆ. ಗುರುತು ಹಾಕಿ, ಮಡಚಿ, ಪೆಟ್ಟಿಗೆಗೆ ಹಾಕಿದರೆ ಕೇಳಲು ಬಂದವರಿಗೂ ಕಾಣುವುದಿಲ್ಲ. ಒಳ್ಳೆಯ ಪದ್ಧತಿ. ಎಲ್ಲರೂ ಇಷ್ಟು ತಾಳ್ಮೆ ತೋರಿಸುವುದಿಲ್ಲ.

ಉತ್ತರ ಸರಿಯಾಗಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಸಿಕ್ಕಿದ್ದು ಮತದ ಶೇಕಡಾವಾರು, ಟಿವಿಗೆ ಬೇಕಾದದ್ದು ಸೀಟು. ನಮ್ಮ ರಾಜ್ಯದ್ದೇ ನೋಡಿ. 2018ರ ಮೇ ತಿಂಗಳಲ್ಲಿ 222 ಕ್ಷೇತ್ರಗಳ ಎಣಿಕೆ ಆದಾಗ ಕಾಂಗ್ರೆಸ್‌ಗೆ ಸುಮಾರು 38 ಶೇಕಡಾ ಮತ, ಬಿಜೆಪಿಗೆ ಸುಮಾರು 36. ಆದರೆ ಸೀಟು ಬಿಜೆಪಿಗೆ 104, ಕಾಂಗ್ರೆಸ್‌ಗೆ 78. ಹೆಚ್ಚು ಮತ ಬಂದವರಿಗೆ ಕಡಿಮೆ ಸೀಟು! 2023ರಲ್ಲಿ ಬಿಜೆಪಿಯ ಮತ ಹೆಚ್ಚುಕಡಿಮೆ 36 ಶೇಕಡಾದಲ್ಲೇ ನಿಂತಿತು, ಸೀಟು ಮಾತ್ರ 66ಕ್ಕೆ ಇಳಿಯಿತು. ಜನತಾದಳದಿಂದ ಐದು ಶೇಕಡಾದಷ್ಟು ಮತ ಜಾರಿತು, ಕಾಂಗ್ರೆಸ್ 43 ಶೇಕಡಾ ಹತ್ತಿರ ಹೋಗಿ 135 ಸೀಟು ಗೆದ್ದಿತು. ಎರಡು ಶೇಕಡಾ ವ್ಯತ್ಯಾಸದಲ್ಲಿ ಸರ್ಕಾರದ ಹಣೆಬರಹ ಇರುವಾಗ, ಮೂರು ಶೇಕಡಾ ಆಚೀಚೆ ಆಗುವ ಅಳತೆಗೋಲು ಹಿಡಿದು "ಇಷ್ಟೇ ಸೀಟು" ಅನ್ನುವುದು ಧೈರ್ಯದ ಮಾತೇ ಸರಿ.

ಮತದಾನ ಮುಗಿಯುವ ಮುಂಚಿನ 48 ಗಂಟೆ ಟಿವಿ, ರೇಡಿಯೋದಲ್ಲಿ ಸಮೀಕ್ಷೆ ಹೇಳುವಂತಿಲ್ಲ ಎಂದು ಜನಪ್ರತಿನಿಧಿ ಕಾಯ್ದೆ ಹೇಳುತ್ತದೆ. ಮತಗಟ್ಟೆ ಸಮೀಕ್ಷೆಯನ್ನಂತೂ ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆ ಆಗುವವರೆಗೆ ಯಾರೂ ಪ್ರಕಟಿಸಬಾರದು.

ಕೊನೆಗೆ ಒಂದು ಎಚ್ಚರಿಕೆ. ಸಮೀಕ್ಷೆ ಎಂದು ಹೇಳಿಕೊಂಡು ಬರುವವರೆಲ್ಲ ಸಮೀಕ್ಷೆಯವರಲ್ಲ. ಗೆದ್ದ ಮೇಲೆ ಸೌಲಭ್ಯ ಕೊಡುತ್ತೇವೆ ಎಂದು ಸಮೀಕ್ಷೆಯ ಹೆಸರಲ್ಲಿ ಮತದಾರರ ವಿವರ ನೋಂದಾಯಿಸುವುದನ್ನು ನಿಲ್ಲಿಸಿ ಎಂದು ಚುನಾವಣಾ ಆಯೋಗವೇ 2024ರ ಮೇ 2ರಂದು ಪಕ್ಷಗಳಿಗೆ ಸೂಚಿಸಿತ್ತು. ನಿಜವಾದ ಸಮೀಕ್ಷೆಗೆ ನಿಮ್ಮ ಅಭಿಪ್ರಾಯ ಸಾಕು. ವೋಟರ್ ಕಾರ್ಡಿನ ನಂಬರ್, ಬ್ಯಾಂಕ್ ಖಾತೆ, ಸಂಘದ ಸದಸ್ಯರ ಪಟ್ಟಿ ಬೇಕಿಲ್ಲ. ಯಾರಿಗೆ ಮತ ಎಂದು ಹೇಳಲು ಇಷ್ಟವಿಲ್ಲದಿದ್ದರೆ, "ಹೇಳೋದಿಲ್ಲಪ್ಪ" ಅಂದರೆ ಆಯಿತು. ಪಟ್ಟಿ ಕೊಡಿ ಎಂದು ಸಂಘದ ಪ್ರತಿನಿಧಿಯನ್ನು ಯಾರಾದರೂ ಕೇಳಿದರೆ, ಕೊಡುವ ಮೊದಲು ಸಭೆಯಲ್ಲಿ ಇಡಿ, ನಮ್ಮ ಕಾರ್ಯಕರ್ತೆಗೂ ತಿಳಿಸಿ.